ಉಂಡವರೂ ಒಮ್ಮೆ ಬಡಸ್ರಿ

ಪಂಕ್ತ್ಯಾಗ ಕೂತು ಉಣ್ಣೋದು ತಪ್ಪಲ್ಲ. ಆದ್ರ ವರ್ಷಾನುಗಟ್ಟಲೆ ಉಣ್ಣೋವ್ರು ಅವರ, ಬಡಸೋವ್ರು ಇವರ ಅಂತಾದ್ರ ಅದಕ್ಕ ಊಟ ಅನ್ನಂಗಿಲ್ಲ, ದುಡಿಸಿಕೊಳ್ಳೋದು ಅಂತಾರ. ಈ ಮಾತು ನಮಗ ಹೆಂಗಸರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಇವತ್ತ ನಾ ಹೇಳ್ಲಿಕ್ಕೆ ಹೊಂಟಿದ್ದು ಮಾತ್ರ ಮದಿವಿ ಮನಿ ಬಗ್ಗೆ ಅಲ್ಲ, ಕುಬಸದ ಬಗ್ಗೆನೂ ಅಲ್ಲ. ಒಂದು ವಿಡಿಯೋ ಗೇಮಿನ ಪಂದ್ಯದ ಬಗ್ಗೆ. ನಗಬ್ಯಾಡ್ರಿ, ಪೂರ್ತಿ ಓದ್ರಿ.

ನಮ್ಮ ಬಳಗದಾಗ ಹೆಚ್ಚಿನವರಿಗೆ ಗೊತ್ತದ, ನನ್ನ ಮಗಳು ಅಮೇರಿಕಾದಾಗ ಇರ್ತಾಳ. ಹಗಲಿ ಆಫೀಸು. ರಾತ್ರಿ ಮತ್ತ ಶನಿವಾರ-ರವಿವಾರ ಒಂದು ಹಳೇ ವಿಡಿಯೋ ಗೇಮಿನ ಆನ್‌ಲೈನ್ ಪಂದ್ಯಾವಳಿ ನಡಸೋ ಕೆಲಸ. ಈ ವರ್ಷ ಮಾಡಿದ್ರ ನಾಕನೇ ಸಲ. ಬಳಗದವರು ನನಗ ಕೇಳ್ತಾರ, "ಇಷ್ಟು ಓದಿದ ಹುಡುಗಿ ಮಂದಿಗೆ ಆಟ ಆಡಸ್ತಾಳಂತಲ್ಲ, ಅದರಾಗ ರೊಕ್ಕ ಏನರ ಬರ್ತದೇನು?" ಆಟಗಾರರು ಆಕೀಗೆ ಕೇಳ್ತಾರ, "ನನ್ನ ಪಂದ್ಯ ಯಾಕ ಇನ್ನೂ ಇಟ್ಟಿಲ್ಲ?" ಎರಡೂ ಪ್ರಶ್ನೆ ನೋಡ್ಲಿಕ್ಕೆ ಬ್ಯಾರೆ ಬ್ಯಾರೆ. ಖರೆ ಅಂದ್ರ ಎರಡರ ಬೇರೂ ಒಂದ: ಏರ್ಪಾಡು ಮಾಡೋದು ಕೆಲಸನ ಅಲ್ಲ, ಅದು ತನ್ನಷ್ಟಕ್ಕ ತಾನ ಆಗ್ತದ ಅನ್ನೋ ತಿಳುವಳಿಕಿ. ಆ ತಿಳುವಳಿಕಿ ಜೋಡಿ ನನ್ನ ಜಗಳ.

ಮೊದಲ ಆಟ ಏನು ಅಂತ ಹೇಳ್ತೇನಿ. ಜಪಾನಿನ ನಿಂಟೆಂಡೋ ಕಂಪನಿಯವರು 1991ರಾಗ 'ದ ಲೆಜೆಂಡ್ ಆಫ್ ಜೆಲ್ಡಾ: ಅ ಲಿಂಕ್ ಟು ದ ಪಾಸ್ಟ್' ಅಂತ ಒಂದು ಆಟ ತಂದ್ರು. ಟಿವಿಗೆ ಡಬ್ಬಿ ಜೋಡಿಸಿ ಆಡೋ ಕಾಲದ್ದು. ಲಿಂಕ್ ಅನ್ನೋ ಹುಡುಗ, ಜೆಲ್ಡಾ ಅನ್ನೋ ರಾಜಕುಮಾರಿ, ಗ್ಯಾನನ್ ಅನ್ನೋ ದುಷ್ಟ. ಹುಡುಗ ಗವಿ, ಅರಮನಿ, ಅಡವಿ ಎಲ್ಲಾ ತಿರುಗಿ, ಪೆಟಗಿ ತಗದು ತಗದು ಬಿಲ್ಲು, ಸುತ್ತಗಿ, ದೀಪ, ಈಸ್ಲಿಕ್ಕೆ ಕಾಲಿಗೆ ಹಾಕ್ಕೊಳ್ಳೋ ರೆಕ್ಕಿ ಹಿಂಗ ಒಂದೊಂದ ಗಳಸ್ತಾನ. ಏಳು ಹರಳು ಕೂಡಿಸಿ, ಕಡೀಕ ಗ್ಯಾನನ್‌ನ ಸೋಲಸ್ತಾನ. ಆ ಆಟದಾಗಿನ ರೊಕ್ಕಕ್ಕೂ 'ರುಪೀ' ಅಂತನ ಹೆಸರು. ನನಗ ಅದು ಭಾಳ ಸೇರಿತು.

ಇಷ್ಟು ವರ್ಷ ಆಡಿದವರಿಗೆ ಯಾವ ಪೆಟಗ್ಯಾಗ ಏನದ ಅನ್ನೋದು ಬಾಯಿಪಾಠ ಆಗಿರ್ತದ. ಅದಕ್ಕ ಅಭಿಮಾನಿಗಳು 'ರ್‍ಯಾಂಡಮೈಜರ್' ಅಂತ ಒಂದು ಪ್ರೋಗ್ರಾಮ್ ಬರದ್ರು. ಅದು 216 ಜಾಗಾದಾಗಿನ ಸಾಮಾನು ಅದಲುಬದಲು ಮಾಡಿಬಿಡ್ತದ. ನಿಮ್ಮ ಅಡಗಿಮನ್ಯಾಗ ರಾತ್ರೋರಾತ್ರಿ ಯಾರೋ ಬಂದು ಡಬ್ಬಿ ಎಲ್ಲಾ ಕಲಸಿ ಹೋದ್ರು ಅಂತ ತಿಳ್ಕೋರಿ. ಸಾಸವಿ ಡಬ್ಬ್ಯಾಗ ಸಕ್ಕರಿ, ಸಕ್ಕರಿ ಡಬ್ಬ್ಯಾಗ ಜೀರಗಿ, ಕಡ್ಡಿಪೆಟಗಿ ಅಟ್ಟದ ಮ್ಯಾಲೆ. ಆದ್ರ ಒಂದು ನೇಮ ಅದ: ಟ್ರಂಕಿನ ಕೀಲಿಕೈ ಟ್ರಂಕಿನ ಒಳಗ ಹಾಕಂಗಿಲ್ಲ. ಎಷ್ಟ ಕಲಸಿದ್ರೂ ಅಡಿಗಿ ಮುಗಸ್ಲಿಕ್ಕೆ ದಾರಿ ಇರ್ಲೇಬೇಕು. ಝೋರಾ ಅಂತ ಒಬ್ಬ ನೀರಾಗಿನ ರಾಜ ಇದ್ದಾನ. ಮೂಲ ಆಟದಾಗ ಅವಗ 500 ರುಪೀ ಕೊಟ್ರ ಈಸೋ ರೆಕ್ಕಿ ಕೊಡ್ತಾನ. ಕಲಸಿದ ಆಟದಾಗ 500 ಎಣಿಸಿಕೊಂಡು ಬರೇ 5 ರುಪೀ ಕೈಗಿಟ್ಟು ಕಳಿಸಿದ್ರೂ ಕಳಿಸಿದ. ಸೇಲಿನಾಗ ಸೀರಿ ತಂದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಪಂದ್ಯ ಅಂದ್ರ ಇಬ್ಬರಿಗೆ ಒಂದ ಥರಾ ಕಲಸಿದ ಆಟ ಕೊಡೋದು. ಅದಕ್ಕ 'ಸೀಡ್' ಅಂತಾರ. ಇಬ್ಬರೂ ತಮ್ಮ ತಮ್ಮ ಮನ್ಯಾಗ ಕೂತು, ಒಂದ ಗಳಿಗ್ಗೆ ಸುರು ಮಾಡಿ ಆಡ್ತಾರ. ಒಂದೂವರಿ ತಾಸೋ ಎರಡು ತಾಸೋ ಆದ ಮ್ಯಾಲೆ ಯಾರು ಮೊದಲ ಆ ಮೂರು ಬಂಗಾರದ ತ್ರಿಕೋನ ಮುಟ್ಟತಾರೋ ಅವರು ಗೆದ್ರು. ನಾವು ಪಗಡಿ ಆಡೋವಾಗ ನಿನಗ ದೊಡ್ಡ ಗರ ಬಿತ್ತು, ನನಗ ಸಣ್ಣದು ಬಿತ್ತು ಅಂತ ದೈವಕ್ಕ ಬೈತೀವಿ. ಇಲ್ಲೆ ಇಬ್ಬರಿಗೂ ಒಂದ ಗರ ಬಿದ್ದಿರ್ತದ. ಆ ಗರ ಯಾರು ಛಲೋ ನಡಸ್ತಾರ ಅನ್ನೋದ ಆಟ. ನನಗ ಈ ಆಟದ ಮ್ಯಾಲೆ ಮನಸ್ಸು ಕೂತದ್ದ ಈ ಮಾತಿಗೆ.

ಈಗ ನನ್ನ ಮಾತಿಗೆ ಬರ್ತೇನಿ. ಆ ಒಂದ ಗರ ಇಬ್ಬರಿಗೂ ಪ್ರಾಮಾಣಿಕವಾಗಿ ಬೀಳೋಹಂಗ ನೋಡ್ಕೊಳ್ಳೋವ್ರು ಯಾರು? ಆಟಗಾರರಲ್ಲ. ಆಟದ ಪ್ರೋಗ್ರಾಮೂ ಪೂರ್ತಿ ಅಲ್ಲ. ಏರ್ಪಾಡು ಮಾಡೋವ್ರು.

ಏನೇನು ಮಾಡಬೇಕು ಕೇಳ್ರಿ. ಮೊದಲ ನೇಮಾವಳಿ ಬರೀಬೇಕು. ಯಾವ ತರಹ ಕಲಸೋದು, ತಡಾ ಮಾಡಿ ಬಂದ್ರ ಎಷ್ಟು ನಿಮಿಷ ಕಾಯೋದು, ನಟ್ಟನಡುವೆ ಕರೆಂಟ್ ಹೋದ್ರ ಏನು, ಯಾವ ಕಸರತ್ತು ಮಾಡಬಹುದು, ಯಾವುದು ಮೋಸ. ಇದನ್ನ ಮೊದಲ ಬರದಿಡದಿದ್ರ ಆಮ್ಯಾಲೆ ಎಲ್ಲಾರೂ ವಕೀಲರ. ಆಮ್ಯಾಲೆ ಹೆಸರು ನೋಂದಣಿ, ಗುಂಪು ಮಾಡೋದು, ಒಬ್ಬೊಬ್ಬರಿಗೂ ನೆನಪು ಕೊಡೋದು. ಸೀಡ್ ತಯಾರ ಮಾಡೋವಾಗ ಯಾವ ಪೆಟಗ್ಯಾಗ ಏನದ ಅನ್ನೋ ಯಾದಿ ಯಾರಿಗೂ ಕಾಣದಂಗ ಪಂದ್ಯದ ಸಲುವಾಗಿ ಅಂತನ ಇರೋ ಬಗಿಯೊಳಗ ತಗೀಬೇಕು. ಆಟ ತಗದ ಕೂಡಲೆ ಪರದೆ ಮ್ಯಾಲೆ ಐದು ಸಣ್ಣ ಚಿತ್ರ ಬರ್ತಾವ: ಬಿಲ್ಲು, ಅಣಬಿ, ದೀಪ, ಹಿಂತಾವ. ಇಬ್ಬರ ಐದೂ ಚಿತ್ರ ಒಂದ ಕ್ರಮದಾಗ ಅದಾವೋ ಇಲ್ಲೋ ನೋಡಿ, ಇಬ್ಬರದೂ ಒಂದ ಸೀಡ್ ಅಂತ ಖಾತ್ರಿ ಮಾಡ್ಕೋಬೇಕು. ಆಮ್ಯಾಲೆ 'ರೇಸ್‌ಟೈಮ್' ಅನ್ನೋ ತಾಣದಾಗ ಪಂದ್ಯದ ಕೋಣಿ ತಗದು, ಇಬ್ಬರೂ ತಯಾರು ಅಂದ ಮ್ಯಾಲೆ ಗಡಿಯಾರ ಸುರು. ಆಡೋವ್ರು ಎದುರಾಳಿ ಪರದೆ ನೋಡಿ ಲಾಭ ತಗೋಬಾರದು ಅಂತ ಪ್ರಸಾರ ಸ್ವಲ್ಪ ತಡಾ ಮಾಡಿ ಬಿಡೋದೂ ಅದ. ಕೇಳ್ಲಿಕ್ಕೇ ದಣಿವಾತು ಹೌದಲ್ಲೋ?

ಇನ್ನ ಗಡಿಯಾರದ ಕಥಿ ಬ್ಯಾರೆ. ಒಬ್ಬ ಆಟಗಾರ ನ್ಯೂಯಾರ್ಕಿನ ಕಡೆ, ಇನ್ನೊಬ್ಬ ಜರ್ಮನ್ಯಾಗ. ಅಲ್ಲಿ ಸಂಜೀ ಒಂಬತ್ತಾದ್ರ ಇಲ್ಲಿ ಮಧ್ಯಾಹ್ನ ಮೂರು. ಅದರ ಮ್ಯಾಲೆ ಅವರು ವರ್ಷಕ್ಕೆರಡು ಸಲ ಗಡಿಯಾರ ಹಿಂದ-ಮುಂದ ಮಾಡ್ತಾರ. ಅದೂ ಒಂದ ದಿನ ಮಾಡಂಗಿಲ್ಲ. ಅಮೇರಿಕಾದವರು ಮಾರ್ಚಿನ ಎರಡನೇ ರವಿವಾರ, ಯುರೋಪಿನವರು ಮಾರ್ಚಿನ ಕಡೀ ರವಿವಾರ. ನಡುವಿನ ಎರಡು-ಮೂರು ವಾರ ಆರು ತಾಸಿನ ಅಂತರ ಐದು ತಾಸು ಆಗಿರ್ತದ. ಆ ದಿನದಾಗ ಪಂದ್ಯ ಇಟ್ರ ಒಬ್ಬರಂತೂ ಒಂದು ತಾಸು ತಡಾ ಬಂದು "ನನಗ ಹೇಳಿಲ್ಲ" ಅಂದೇ ಅಂತಾರ. ಲಗ್ನದಾಗ ಎರಡು ಕಡೆ ಬೀಗರ ಅನುಕೂಲ ನೋಡಿ ಒಂದು ತಾರೀಖು ಹಿಡಿಯೋದ ನಮಗ ಸಾಕಾಗಿರ್ತದ. ಈ ಹುಡುಗಿ ಅಂಥಾ ನೂರು ತಾರೀಖು ಹಿಡಿತಾಳ.

ನೂರು ಅನ್ನೋದು ಬಾಯಿಗೆ ಬಂದಂಗ ಹೇಳಿದ್ದಲ್ಲ. ಆಕಿ ಪಂದ್ಯಾವಳ್ಯಾಗ 64 ಮಂದಿ. ನಾಕು-ನಾಕು ಮಂದಿದು 16 ಗುಂಪು. ಗುಂಪಿನಾಗ ಎಲ್ಲಾರೂ ಎಲ್ಲಾರ ಜೋಡಿ ಆಡಿದ್ರ ಒಂದು ಗುಂಪಿಗೆ 6 ಪಂದ್ಯ, ಅಂದ್ರ ಒಟ್ಟು 96. ಗುಂಪಿಗಿಬ್ಬರಂಗ 32 ಮಂದಿ ಮುಂದ ಹೋಗ್ತಾರ. ಅಲ್ಲಿಂದ ಸೋತವರು ಮನಿಗೆ ಅನ್ನೋ ಲೆಕ್ಕದಾಗ 31 ಪಂದ್ಯ. ಕೂಡಿಸ್ರಿ: 127.

ಈ ಕಡೀ 31 ಪಂದ್ಯ ನೇರ ಪ್ರಸಾರ ಆಗ್ತಾವ. ಅದಕ್ಕ ಪ್ರತಿ ಪಂದ್ಯಕ್ಕ ನಾಕು ಮಂದಿ ಬೇಕು. ಇಬ್ಬರ ಆಟನೂ ಒಂದ ಪರದೆ ಮ್ಯಾಲೆ ಜೋಡಿಸಿ ಬಿಡೋವ್ರು ಒಬ್ಬರು. ಯಾರಿಗೆ ಏನು ಸಿಕ್ತು ಅಂತ ನೋಡಿ ನೋಡಿ ಗುರುತು ಹಾಕೋವ್ರು ಒಬ್ಬರು. ಮಾತಾಡ್ತಾ ವಿವರಿಸೋವ್ರು ಇಬ್ಬರು. ಅಮೇರಿಕಾದ ರಾತ್ರಿ ಒಂಬತ್ತು ಅಂದ್ರ ಬ್ಯಾಸಗ್ಯಾಗ ನಮಗ ಮುಂಜಾನೆ ಆರೂವರಿ. ಚಹಾ ಇಟ್ಕೊಂಡು ನಾನೂ ನೋಡ್ತೇನಿ. ಕಡೀಕ ಗ್ಯಾನನ್‌ನ ಗೋಪುರ ಬರ್ತದ. ಅಲ್ಲಿನ ಪೆಟಗಿಗಳೊಳಗ ಎಷ್ಟನೇದ್ದು ತಗದಾಗ ದೊಡ್ಡ ಕೀಲಿಕೈ ಸಿಗ್ತದ ಅಂತ ನೋಡೋವ್ರೆಲ್ಲಾ ಒಂದೊಂದು ಅಂಕಿ ಹೇಳ್ತಾರ. ನಾ ಯಾವಾಗಲೂ 7 ಅಂತೇನಿ. ಒಮ್ಮೆ ಬಂದದ.

ನೋಡೋವ್ರಿಗೆ ಹಿಂಗ ಮಜಾ. ಹೋದ ವರ್ಷ ಎಂಟರ ಘಟ್ಟದ ಒಂದು ಪಂದ್ಯದಾಗ ಮಾತಾಡೋ ಇಬ್ಬರೊಳಗ ಒಬ್ಬರು ಬರ್ಲೇ ಇಲ್ಲ, ಗುರುತು ಹಾಕೋವ್ರು "ಇವತ್ತ ಆಗಂಗಿಲ್ಲ" ಅಂತ ಹತ್ತು ನಿಮಿಷ ಮೊದಲ ಹೇಳಿದ್ರು. ನಮ್ಮ ಹುಡುಗಿ ಪ್ರಸಾರಾ ತಾನ ಮಾಡಿ, ಗುರುತೂ ಹಾಕಿ, ಉಳಿದೊಬ್ಬರ ಜೋಡಿ ಮಾತೂ ಆಡಿದ್ಲು. ಎರಡು ಕಡೆ ಗುರುತು ತಪ್ಪಿದ್ವು. ಪಂದ್ಯ ಮುಗಿದ ಕೂಡಲೆ ಗೆದ್ದವರಿಗೆ ಅಭಿನಂದನೆ ಸುರಿಮಳಿ. ಆಕೀಗೆ ಬಂದದ್ದು ಒಂದ ಸಾಲು: "ಇಷ್ಟು ಅರೆಬರೆ ಮಾಡೋದಾದ್ರ ಪಂದ್ಯ ಯಾಕ ಇಡಬೇಕು?" ಬರದವರು ಯಾರು? ಮೊದಲ ಘಟ್ಟದಾಗ ಸೋತು, ಆಮ್ಯಾಲೆ ಒಂದು ದಿನಾನೂ ಕೈಗೂಡಿಸದ ಒಬ್ಬ ಆಟಗಾರ. ಸಾರಿನಾಗ ಉಪ್ಪು ಕಡಿಮಿ ಅಂತ ಮೊದಲ ಕೂಗೋವ್ರು ಯಾವಾಗಲೂ ತಾಟು ಎತ್ತದವರ.

ನನ್ನ ಸಿಟ್ಟು ಆ ಒಬ್ಬನ ಮ್ಯಾಲಲ್ಲ. ಅಂಥಾ ಪದ್ಧತಿ ಮ್ಯಾಲೆ. ಆ ನಾಕು ಕೆಲಸ ಮೂರು ವರ್ಷದಿಂದ ಒಂಬತ್ತ-ಹತ್ತು ಮಂದಿನ ತಿರುಗಿ ಮುರುಗಿ ಮಾಡ್ತಾರ. ಲೆಕ್ಕಾ ನೋಡ್ರಿ: 31 ಪಂದ್ಯ, ಪಂದ್ಯಕ್ಕ ನಾಕು ಪಾಳಿ, 124. ಹತ್ತು ಮಂದಿ ಹಂಚಿಕೊಂಡ್ರ ತಲಿಗೆ ಹನ್ನೆರಡು ಪಾಳಿಗಿಂತ ಹೆಚ್ಚು. ಒಂದು ಪಾಳಿ ಎರಡು ತಾಸಿಗೆ ಕಡಿಮಿ ಇಲ್ಲ. ಅದ ಆಡೋ 64 ಮಂದಿ ತಲಿಗೆ ಎರಡ ಎರಡು ಪಾಳಿ ಮಾಡಿದ್ರ? 128. ಮುಗೀತು, ಮ್ಯಾಲೆ ನಾಕು ಪಾಳಿ ಉಳಿತಾವ. ಇದರೊಳಗ ಯಾರ ತ್ಯಾಗನೂ ಬೇಕಾಗಿಲ್ಲ. ಇಡೀ ಪಂದ್ಯಾವಳಿಗೆ ಒಬ್ಬೊಬ್ಬರದು ನಾಕ ತಾಸು.

ಅದಕ್ಕ ನಾ ಹೇಳೋದು ಇಷ್ಟ: ಹೆಸರು ಬರಸೋವಾಗನ ಎರಡು ಪಾಳಿ ಒಪ್ಪಿಕೊಂಡವರಿಗೆ ಮಾತ್ರ ಆಡ್ಲಿಕ್ಕೆ ಜಾಗಾ. ಒಪ್ಪದವರು ಕೂತು ನೋಡ್ಲಿ, ಬ್ಯಾಡ ಅನ್ನೋವ್ರು ಯಾರೂ ಇಲ್ಲ.

ಇದಕ್ಕ ಬರೋ ಉತ್ತರ ನನಗ ಗೊತ್ತವ. "ಎಲ್ಲಾರಿಗೂ ಮಾತಾಡ್ಲಿಕ್ಕೆ ಬರಂಗಿಲ್ಲ." ಮಾತಾಡಬ್ಯಾಡ್ರಿ, ಗುರುತು ಹಾಕ್ರಿ. ಬಿಲ್ಲು ಸಿಕ್ತು ಅಂದ್ರ ಬಿಲ್ಲಿನ ಚಿತ್ರದ ಮ್ಯಾಲೆ ಒಂದು ಸಲ ಒತ್ತೋದು. 216 ಜಾಗಾ ಬಾಯಿಪಾಠ ಇರೋವ್ರಿಗೆ ಇದು ಬರಂಗಿಲ್ಲ ಅಂದ್ರ ನಾ ನಂಬಂಗಿಲ್ಲ. ಅನ್ನ ಮಾಡ್ಲಿಕ್ಕೆ ಬರದಿದ್ದವರೂ ನೀರು ಹಾಕಬಹುದು.

"ನಾವು ಆಡ್ಲಿಕ್ಕೆ ಬಂದೀವಿ, ದುಡೀಲಿಕ್ಕಲ್ಲ." ಹಂಗಾರ ಆಕಿ ದುಡೀಲಿಕ್ಕೆ ಹುಟ್ಟ್ಯಾಳೇನು? ಆಕೀಗೂ ಈ ಆಟ ಸೇರ್ತದ. ಮೂರು ವರ್ಷದಿಂದ ತನ್ನ ಪಂದ್ಯಾವಳ್ಯಾಗ ತಾನ ಒಂದು ಪಂದ್ಯ ಆಡಿಲ್ಲ, ಯಾಕಂದ್ರ ಸೀಡ್ ತಗಿಯೋವ್ರು ಆಡಿದ್ರ ಸಂಶೇ ಬರ್ತದ ಅಂತ. ಇನ್ನೊಬ್ಬರು ಸೀಡ್ ತಗದ್ರ ಆಕೀನೂ ಆಡಬಹುದು. ಆದ್ರ ಆ ಇನ್ನೊಬ್ಬರು ಬರ್ಲೇ ಇಲ್ಲ.

"ಹಿಂಗ ನೇಮಾ ಮಾಡಿದ್ರ ಮಂದಿ ಕಡಿಮಿ ಆಗ್ತಾರ." ಆಗ್ಲಿ. 64ರ ಬದಲಿ 32 ಮಂದಿ ಬಂದ್ರ 16 ಗುಂಪಿನ ಬದಲಿ 8 ಗುಂಪು. ಕೆಲಸಾನೂ ಅರ್ಧಾ. ನೂರು ಎಲಿ ಹಾಕಿ ನಾಕು ಮಂದಿ ಸೊಂಟ ಮುರಕೊಳ್ಳೋದಕ್ಕಿಂತ ಐವತ್ತು ಎಲಿ ಹಾಕಿ ಎಲ್ಲಾರೂ ಕೂಡಿ ಉಣ್ಣೋದು ಛಲೋ.

ಇನ್ನ ನಮ್ಮ ಬಳಗದ "ರೊಕ್ಕ ಬರ್ತದೇನು" ಅನ್ನೋ ಪ್ರಶ್ನೆಗೆ. ಬರಂಗಿಲ್ಲ. ಹಳೇ ಆಟ ಜಲ್ದಿ ಮುಗಸೋ ಮಂದಿ ಸೇರಿ 'ಗೇಮ್ಸ್ ಡನ್ ಕ್ವಿಕ್' ಅಂತ ದೊಡ್ಡ ಮೇಳಾ 2010ರಿಂದ ನಡಸ್ಕೋತ ಬಂದಾರ. ಅದರಾಗ ಕೂಡಿದ ರೊಕ್ಕ ಗಡಿ ಇಲ್ಲದ ವೈದ್ಯರ ಸಂಸ್ಥೆಗೆ, ಕ್ಯಾನ್ಸರ್ ತಡೆಯೋ ಸಂಸ್ಥೆಗೆ ಹೋಗ್ತದ. ಈ ಕಲಸಿದ ಆಟದ ಪಂದ್ಯಾನೂ ಅಲ್ಲೆ ತೋರಿಸ್ಯಾರ. ಇದನ್ನ ಮುಂದ ಮಾಡಿ "ನೋಡ್ರಿ, ಪುಣ್ಯದ ಕೆಲಸ" ಅಂತ ನಾ ಹೇಳಬಹುದಾಗಿತ್ತು. ಹೇಳಂಗಿಲ್ಲ. ಯಾಕಂದ್ರ ಮಗಳ ಪಂದ್ಯಾವಳಿ ಅಂಥಾದ್ದಲ್ಲ, ಅದು ಬರೇ ಆಟ. ಬರೇ ಆಟಾನೂ ಸಾಕು. ನಮ್ಮ ಮನಿ ಗಂಡಸರು ಎರಡು ತಿಂಗಳ ಐಪಿಎಲ್ ನೋಡ್ತಾರ, ನಾವು ಅವರ ಮುಂದ ಭಜಿ ಇಡ್ತೀವಿ. "ಇದರಾಗ ನಿಮಗ ರೊಕ್ಕ ಏನು ಬರ್ತದ" ಅಂತ ಯಾವ ವೈನಿನೂ ಕೇಳಿದ್ದು ನಾ ಕೇಳಿಲ್ಲ. ಗಂಡಸರು ಕೂತು ನೋಡಿದ್ರ ಹವ್ಯಾಸ, ಹುಡುಗಿ ನಿಂತು ನಡಸಿದ್ರ ಕೆಲಸಿಲ್ಲದ ಉಸಾಬರಿ. ಈ ತಕ್ಕಡಿ ಸರಿ ಇಲ್ಲರೀ.

ಮತ್ತ ನೀವ ವಿಚಾರ ಮಾಡ್ರಿ. 64 ಮಂದೀನ, ಅದೂ ಮುಖ ನೋಡದವರನ್ನ, ಬ್ಯಾರೆ ಬ್ಯಾರೆ ದೇಶದವರನ್ನ, ಒಂದು ನೇಮದಾಗ ತಂದು, ಜಗಳ ಬಿಡಿಸಿ, ಸೋತವರೂ "ನ್ಯಾಯವಾಗಿ ಸೋತ್ವಿ" ಅನ್ನೋಹಂಗ ಮಾಡೋದು ಸಣ್ಣ ಕೆಲಸ ಏನು? ನಾವು ಭಿಶಿಯೊಳಗ ಹನ್ನೆರಡು ಮಂದಿ ಇರ್ತೀವಿ, ಒಬ್ಬರಿಗೊಬ್ಬರು ಇಪ್ಪತ್ತು ವರ್ಷದಿಂದ ಗೊತ್ತು. ಆದ್ರೂ ಚೀಟಿ ಎತ್ತೋ ದಿನ ಎಷ್ಟು ಕಣ್ಣು ಆ ಡಬ್ಬಿ ಮ್ಯಾಲೆ ಇರ್ತಾವ! ಡಬ್ಬಿ ಹಿಡಕೊಂಡವರ ಮ್ಯಾಲೆ ನಂಬಿಗಿ ಇದ್ರ ಭಿಶಿ, ಇಲ್ಲಂದ್ರ ಭಾನಗಡಿ. ಅಲ್ಲೆ ಆ ಡಬ್ಬಿ ಹಿಡಕೊಂಡು ನಿಂತಾಕಿ ನನ್ನ ಮಗಳು.

ಮಗಳಿಗೂ ನಾ ಬಿಟ್ಟಿಲ್ಲ. ಫೋನಿನಾಗ ಹೇಳೇನಿ, ಇಲ್ಲೆ ಬರದೂ ಇಡ್ತೇನಿ. ಎಲ್ಲಾ ನಾನ ಮಾಡ್ತೇನಿ, ಯಾರ ಕಡಿಂದನೂ ಅನಿಸಿಕೊಳ್ಳಂಗಿಲ್ಲ ಅಂತ ಹಟಾ ಹಿಡಿಯೋದು ದೊಡ್ಡಸ್ತಿಕಿ ಅಲ್ಲವಾ. ಹಂಗ ಮಾಡಿದ ಹೆಂಗಸರು ನಮ್ಮ ಮನಿತನದಾಗ ಭಾಳ ಮಂದಿ ಆಗಿ ಹೋಗ್ಯಾರ. ಅವರು ಹೋದ ಮ್ಯಾಲೆ ಮೆಂತ್ಯೆಹಿಟ್ಟಿನ ಅಳತಿ ಸುದ್ದಾ ಯಾರಿಗೂ ಗೊತ್ತಿರಲಿಲ್ಲ. ತಲ್ಯಾಗ ಇರೋದನ್ನ ಕಾಗದಕ್ಕ ಇಳಸು. ಪ್ರತಿ ಕೆಲಸಕ್ಕ ಇಬ್ಬರನ್ನ ಹಚ್ಚು, ಒಬ್ಬರಿಗೆ ಜ್ವರ ಬಂದ್ರ ಇನ್ನೊಬ್ಬರು ಇರ್ಲಿ. ತಕರಾರು ಬಿಡಿಸೋ ಕೆಲಸ ಒಬ್ಬಾಕಿನ ಇಟ್ಕೋಬ್ಯಾಡ, ಮೂರು ಮಂದಿ ಕೂತು ತೀರ್ಮಾನ ಮಾಡ್ರಿ. ವಾರದಾಗ ಎರಡು ರಾತ್ರಿ ಪಂದ್ಯ ಇಡಬ್ಯಾಡ, ಬಾಗಲಾ ಹಾಕು. ನೀ ನಕ್ಕೋತ ಎಲ್ಲಾ ಹೊತ್ಕೊಂಡ್ರ ಮಂದಿಗೆ ಭಾರ ಕಾಣಂಗಿಲ್ಲ. ಕಾಣದ ಭಾರಕ್ಕ ಯಾರೂ ಹೆಗಲು ಕೊಡಂಗಿಲ್ಲ.

ಆಕಿ ಈ ಸಲ ಆಟಗಾರರಿಗೆ ತಿಳಿಸಿಬಿಟ್ಟಾಳ: ಎರಡು ಪಾಳಿ ನೇಮಾ ಒಪ್ಪಿದ್ರ ನಾಕನೇ ವರ್ಷ ನಡಸ್ತೇನಿ, ಒಪ್ಪದಿದ್ರ ನೇಮಾವಳಿ, ಯಾದಿ ಎಲ್ಲಾ ಯಾರ ಬೇಕಾದ್ರೂ ತಗೋರಿ, ನಾ ನಿಲ್ಲಸ್ತೇನಿ ಅಂತ. ಇವತ್ತಿನ ತನಕ 23 ಮಂದಿ ಹೂಂ ಅಂದಾರ. ಒಂದಿಷ್ಟು ಮಂದಿ ಸಿಟ್ಟಾಗ್ಯಾರ. ಉಳಿದವರು ಸುಮ್ಮ ಇದ್ದಾರ, ಯಾರರೆ ಮಾಡೇ ಮಾಡ್ತಾರ ಅಂತ ಕಾಯ್ಲಿಕತ್ತಾರ. ಯಾರೂ ಮಾಡದ ಇದ್ರ ಪಂದ್ಯ ಇರಂಗಿಲ್ಲ. ಅಷ್ಟ. ಅದು ನನಗೂ ಕೆಟ್ಟನಸ್ತದ, ಮುಂಜಾನೆ ಚಹಾದ ಜೋಡಿ ನೋಡ್ಲಿಕ್ಕೆ ಮತ್ತೇನದ. ಆದ್ರ ಆಕಿ ಕಣ್ಣಿನ ಕೆಳಗ ಕರ್‍ರಗಾದದ್ದನ್ನ ವಿಡಿಯೋ ಕಾಲಿನಾಗ ನೋಡಿದಾಕಿ ನಾನು. ಪಂದ್ಯ ನಿಂತ್ರ ನಿಲ್ಲಲಿ.

ನಿಮ್ಮ ಕಡೆ ಒಂದ ಕೇಳಿಕೊಳ್ಳೋದು. ನಿಮ್ಮ ಹುಡುಗೂರೂ ಏನರೆ ಒಂದು ಪಂದ್ಯದಾಗ ಇರ್ತಾರ, ಕ್ರಿಕೆಟ್ ಇರ್ಲಿ, ರಂಗೋಲಿ ಇರ್ಲಿ, ಮೊಬೈಲಿನ ಆಟ ಇರ್ಲಿ. ಮನಿಗೆ ಬಂದ ಕೂಡಲೆ "ಗೆದ್ದ್ಯೋ ಸೋತ್ಯೋ" ಅಂತ ಕೇಳ್ತೀವಿ. ಅದರ ಜೋಡಿ ಇನ್ನೊಂದು ಕೇಳ್ರಿ: "ಇದನ್ನ ನಡಸಿದವರು ಯಾರು? ನೀ ಅವರಿಗೆ ಏನು ಕೈಗೂಡಿಸಿದಿ?" ಉತ್ತರ ಇಲ್ಲಂದ್ರ ಮುಂದಿನ ಸಲ ಉತ್ತರ ತೊಗೊಂಡ ಬಾ ಅಂತ ಹೇಳಿ ಕಳಸ್ರಿ.